ಗುಬ್ಬಿ ಇಳಿದ ಗೋಡೆ

ಪಂಪಾವತಿ ತನ್ನ ತಾಯಿ ಜಂಬಮ್ಮನಿಗೆ ಮಾತು ಕೊಟ್ಟಾಗ ಅವಳಿಗೆ ಬಿದ್ದ ಮುಂದಿನ ಹಲ್ಲು ಇನ್ನೂ ಬಂದಿರಲಿಲ್ಲ. ಕಂಪ್ಲಿಯ ಅಕ್ಕಿ ಗಿರಣಿಯ ಆಫೀಸಿನ ಬಾಗಿಲಲ್ಲಿ ನಿಂತು ತಾಯಿ ಮಗಳು ಇಬ್ಬರೂ ಒಳಗಿನ ಗೋಡೆಗೆ ತೂಗುಹಾಕಿದ್ದ ಚಿತ್ರವೊಂದನ್ನು ನೋಡುತ್ತಿದ್ದರು. ಗಿರಣಿ ಸಾಹುಕಾರರ ತಾಯಿಯ ಚಿತ್ರ. ಕೆತ್ತನೆಯ ಕುರ್ಚಿ, ಜರಿಯ ಸೀರೆ, ತೊಡೆಯ ಮೇಲೆ ಒಂದರ ಮೇಲೊಂದು ಇಟ್ಟ ಕೈ. ನೊಣ ಹಾರಿಸುವುದಕ್ಕೂ ಎದ್ದವಳಲ್ಲ ಅನ್ನುವ ಹಾಗಿತ್ತು ಮುಖ.

“ಆಯಮ್ಮ ಎಷ್ಟು ಚೆಂದ ಕುಂತಾಳ ನೋಡು,” ಅಂದಳು ಜಂಬಮ್ಮ.

“ನಾ ದೊಡ್ಡಾಕಿ ಆದ ಮ್ಯಾಲೆ ನಿಂದೂ ಬರಿತೀನಿ ಯವ್ವಾ. ಇದಕ್ಕಿಂತ ದೊಡ್ಡದು. ಗ್ವಾಡಿ ತುಂಬ.”

“ಬರಿಯಂತಿ ತಗಾ. ಆದ್ರ ಕುಂತಂಗ ಬರೀಬೇಕು. ನಿಂತಿದ್ದನ್ನ ಊರೆಲ್ಲ ನೋಡ್ಯದ.”

“ಕುಂತಂಗೇ ಬರಿತೀನಿ.”

“ಆಣಿ?”

“ನಿನ್ನಾಣಿ!”

ನಿಂತಿದ್ದನ್ನು ಊರೆಲ್ಲ ನೋಡಿದ್ದು ಸುಳ್ಳಲ್ಲ. ಗಿರಣಿಯ ಹಿಂದೆ ಸಿಮೆಂಟಿನ ದೊಡ್ಡ ಕಟ್ಟೆ ಇತ್ತು. ಕುದಿಸಿದ ಭತ್ತವನ್ನು, ಅಲ್ಲಿಯವರ ಬಾಯಲ್ಲಿ ನೆಲ್ಲನ್ನು, ಆ ಕಟ್ಟೆಯ ಮೇಲೆ ಹರವಿ ಒಣಗಿಸುವುದು ಜಂಬಮ್ಮನ ಕೆಲಸ. ಅಡಿಯಲ್ಲಿ ಹಸಿ ಉಳಿಯದ ಹಾಗೆ ತಿರುವುತ್ತಲೇ ಇರಬೇಕು. ತಿರುವುವುದಕ್ಕೆ ಕೈ ಬೇಡ, ಕಾಲು ಸಾಕು. ಹೆಂಗಸರು ಸಾಲಾಗಿ, ಪಾದ ಎತ್ತದೆ ಎಳೆದುಕೊಂಡು ನಡೆದರೆ ಭತ್ತದಲ್ಲಿ ನೇಗಿಲು ಹೊಡೆದ ಹಾಗೆ ಸಾಲು ಏಳುತ್ತಿತ್ತು. ಆ ತುದಿ ಮುಟ್ಟಿ ತಿರುಗಿ ಬರುವಾಗ ಹಳೆಯ ಸಾಲು ಅಳಿಸಿ ಹೊಸ ಸಾಲು. ಮೇಲೆ, ತಗಡಿನ ಸೂರಿನ ಅಂಚಿನ ಮೇಲೆ, ಗುಬ್ಬಿಗಳ ಸಂತೆ. ಹೆಂಗಸರು ಓಡಾಡುವ ತನಕ ಅವು ಅಲ್ಲೇ ಕೂತು ಚಿಲಿಪಿಲಿ ಅನ್ನುತ್ತಿದ್ದವು. ಒಬ್ಬಳು ಉಸ್ಸೆಂದು ಕೂತಳೋ, ಇಡೀ ಹಿಂಡು ಭತ್ತದ ಮೇಲೆ. ಹೀಗಾಗಿ ಅಲ್ಲಿ ಕೂರುವ ಮಾತೇ ಇರಲಿಲ್ಲ. ಜಂಬಮ್ಮ ರೊಟ್ಟಿ ತಿನ್ನುವಾಗಲೂ ನಿಂತೇ ತಿನ್ನುತ್ತಿದ್ದಳು, ಒಂದು ಕೈಯಲ್ಲಿ ರೊಟ್ಟಿ, ಇನ್ನೊಂದು ಕೈ ಗಾಳಿಯಲ್ಲಿ: “ಹುಶ್! ಹುಶ್! ನಿಮ್ಮ ಹೊಟ್ಟಿ ಹಾಳಾಗ!” ಗುಬ್ಬಿಗಳಿಗೆ ಅವಳು ಕೊಟ್ಟಷ್ಟು ಬೈಗುಳ ಕಂಪ್ಲಿಯಲ್ಲಿ ಇನ್ನಾರಿಗೂ ಯಾರೂ ಕೊಟ್ಟಿರಲಿಕ್ಕಿಲ್ಲ.

ಹಲ್ಲು ಬಂತು, ಪಂಪಾವತಿ ದೊಡ್ಡವಳಾದಳು. ಈಗ ಹೊಸಪೇಟೆಯಲ್ಲಿ ಗೋಡೆ ಬರೆಯುವುದೇ ಅವಳ ಕಸುಬು. ಶಾಲೆಯ ಕಾಂಪೌಂಡಿಗೆ ಅಕ್ಷರಮಾಲೆ, ಅಂಗನವಾಡಿಗೆ ಆನೆ ಒಂಟೆ, ಟ್ರ್ಯಾಕ್ಟರಿನ ಟ್ರೇಲರಿಗೆ ‘ತಾಯಿಯ ಆಶೀರ್ವಾದ’, ಕಿರಾಣಿ ಅಂಗಡಿಯ ಶಟರಿಗೆ ಸೋಪು. ಬೆಳಿಗ್ಗೆ ಎದ್ದು ಮಗಳು ಸ್ಫೂರ್ತಿಯ ಜಡೆ ಹಾಕಿ, ಡಬ್ಬಿ ಕಟ್ಟಿ, ಸ್ಕೂಟಿಯ ಮುಂದೆ ಬಣ್ಣದ ಬಕೆಟ್ಟು ಇಟ್ಟುಕೊಂಡು ಹೊರಟಳೆಂದರೆ ಮನೆಗೆ ಬರುವ ಹೊತ್ತಿಗೆ ಅವಳ ಬೆನ್ನು ಅವಳ ಮಾತು ಕೇಳುತ್ತಿರಲಿಲ್ಲ. ಗಂಡ ಹಂಪೇಶ್ ಹಂಪಿಯಲ್ಲಿ ಗೈಡು. ಹಂಪಿ ಬಜಾರಿನ ಕಲ್ಲುಮಂಟಪದ ನೆರಳಲ್ಲಿ ನಿಂತು ಯಾವ ಕಂಬದ ಯಾವ ಬೊಂಬೆಗೂ ಕತೆ ಹೇಳಬಲ್ಲವ. ಕತೆ ಗೊತ್ತಿಲ್ಲ ಎಂಬ ಕಾರಣಕ್ಕೆ ಅವನು ಒಂದು ದಿನವೂ ಬಾಯಿ ಮುಚ್ಚಿದವನಲ್ಲ.

ಕೊಟ್ಟ ಮಾತು ಮಾತ್ರ ಹಾಗೇ ಉಳಿದಿತ್ತು. ‘ಗೋಡೆ ತುಂಬ’ ಅಂದಿದ್ದಳಲ್ಲ, ಅಷ್ಟು ದೊಡ್ಡ ಗೋಡೆಯನ್ನು ಯಾರು ಕೊಡುತ್ತಾರೆ? ಕಂಪ್ಲಿಗೆ ಹೋದಾಗಲೆಲ್ಲ ಜಂಬಮ್ಮ ಕೇಳುತ್ತಿದ್ದಳು, “ಏನವ್ವ, ನನ್ನ ಯಾವಾಗ ಕುಂದ್ರಸ್ತಿ?” ಓಣಿಯ ಹೆಂಗಸರಿಗೂ ಹೇಳಿಟ್ಟಿದ್ದಳು, ಮಗಳು ತನ್ನನ್ನು ಕೂರಿಸಿ ಬರೆಯುವವಳಿದ್ದಾಳೆ ಎಂದು. ಅವರು ನೀರಿನ ನಲ್ಲಿಯ ಹತ್ತಿರ ಚೇಷ್ಟೆ ಮಾಡುವುದು, ಇವಳು ಕೊಡ ಹೊತ್ತುಕೊಂಡೇ ತಿರುಗಿ ಜವಾಬು ಕೊಡುವುದು, ಇದು ವರ್ಷಗಳಿಂದ ನಡೆದು ಬಂದಿತ್ತು.

ಕಡೆಗೆ ಗೋಡೆ ಸಿಕ್ಕಿತು. ಅದನ್ನು ಕೊಟ್ಟವರು ಅದೇ ಗಿರಣಿಯ ಮನೆತನದ ದೊಡ್ಡಬಸಪ್ಪ. ಗಿರಣಿಗೆ ಈಗ ಒಣಗಿಸುವ ಮಷೀನು ಬಂದು ಕಟ್ಟೆಯ ಕೆಲಸ ನಿಂತಿದೆ. ಹಂಪಿಗೆ ಬರುವ ಜನರನ್ನು ನಂಬಿ ದೊಡ್ಡಬಸಪ್ಪ ಹೊಸಪೇಟೆಯಲ್ಲಿ ಒಂದು ಲಾಡ್ಜು ಕಟ್ಟಿಸಿದರು. ಅದರ ಪಕ್ಕದ ಗೋಡೆ, ಓಣಿಯ ಉದ್ದಕ್ಕೂ, ಬೋಳಾಗಿ ನಿಂತಿತ್ತು.

“ಹೆಂಗಸು ಇರ್ಲಿ, ಹಕ್ಕಿ ಇರ್ಲಿ,” ಅಂದಿದ್ದರು. “ಹಂಪಿಗೆ ಬಂದ ಮಂದಿ ಇಲ್ಲಿ ನಿಂತು ಫೋಟೋ ಹೊಡ್ಕಬೇಕು. ಉಳಿದಿದ್ದು ನಿನಗ ಬಿಟ್ಟೀನವ್ವ. ಆದ್ರ ಮಸ್ತ್ ಇರ್ಬೇಕು.”

ಪಂಪಾವತಿ ಆ ದಿನ ಗಾಡಿಯ ಮೇಲೆ ಮನೆಗೆ ಹಾಡುತ್ತ ಹೋದಳು. ಆದರೆ ಹಾಳೆಯ ಮೇಲೆ ತಾಯಿಯನ್ನು ಕೂರಿಸಲು ಹೋದರೆ ತಾಯಿ ಕೂರಲೊಲ್ಲಳು. ಕುರ್ಚಿಯ ಮೇಲೆ ಕೂರಿಸಿದರೆ ಗಿರಣಿ ಸಾಹುಕಾರ್ತಿಯಾಗುತ್ತಿದ್ದಳು. ಚಾಪೆಯ ಮೇಲೆ ಕೂರಿಸಿದರೆ ಮದುಮಗಳು. ಕಲ್ಲಿನ ಮೇಲೆ ಕೂರಿಸಿದರೆ ದವಾಖಾನೆಯಲ್ಲಿ ಪಾಳಿಗೆ ಕಾಯುವ ಯಾರೋ ಹೆಂಗಸು. ಮುಖ ಜಂಬಮ್ಮನದೇ, ಮೂಗುಬಟ್ಟೂ ಜಂಬಮ್ಮನದೇ, ಆದರೆ ಜಂಬಮ್ಮ ಅಲ್ಲ. ಹಾಳೆಗಳನ್ನು ಹರಿದೂ ಹರಿದೂ ಬೇಸತ್ತು, ದಿನ ಓಡುತ್ತಿದೆ ಎಂದು ಗೊತ್ತಾಗಿ, ಒಂದು ಬೆಳಿಗ್ಗೆ ಅಟ್ಟಣಿಗೆ ಏರಿ, ಗೋಡೆಯ ಮೇಲೆ ನಿಂತ ಹೆಂಗಸನ್ನೇ ಬರೆದುಬಿಟ್ಟಳು. ಒಂದೇ ಏಟಿಗೆ ಬಂತು. ಬಂದದ್ದನ್ನು ನೋಡಿ ಖುಷಿಯೂ ಆಯಿತು, ಹಾಕಿದ ಆಣೆಯ ನೆನಪೂ ಆಯಿತು.

ಚಿತ್ರ ಚೆನ್ನಾಗಿಯೇ ಇತ್ತು. ಗೋಡೆಯ ಎಡಗಡೆ ಹೆಂಗಸು, ಸೂರಿನಷ್ಟು ಎತ್ತರ, ಬಲಗೈ ಮೇಲಕ್ಕೆತ್ತಿದ್ದಾಳೆ. ಕೆಂಪು ಸೀರೆ. ಆ ಕೆಂಪು ಯಾವ ಡಬ್ಬಿಯಲ್ಲೂ ಸಿಗದೆ, ಹಂಪೇಶ್ ತನ್ನ ಊರಾದ ಸಂಡೂರು ಕಡೆಯ ಬಂಡ್ರಿಯಿಂದ ಸಿಮೆಂಟು ಚೀಲದಲ್ಲಿ ಕೆಮ್ಮಣ್ಣು ತುಂಬಿಕೊಂಡು, ಬಸ್ಸಿನ ಕಂಡಕ್ಟರನ ಹತ್ತಿರ ಜಗಳ ಮಾಡಿಕೊಂಡು ತಂದು ಕೊಟ್ಟದ್ದು. ಅವಳ ಪಾದದಿಂದ ಹೊರಟ ಗೆರೆಗಳು ಹಳದಿಯ ನೆಲದ ತುಂಬ ಬಳುಕಿ ಹರಡಿದ್ದವು. ನೆಲದ ಮೇಲೆ ಗುಬ್ಬಿಗಳು, ಕಾಳು ಹೆಕ್ಕುವವು, ಜಗಳಾಡುವವು. ಹೆಗಲ ಮೇಲೆ ಒಂದು ಗಿಣಿ. ಬಲತುದಿಗೆ ಬೋರಲು ಹಾಕಿದ ಒಂದು ಬಿದಿರಿನ ಪುಟ್ಟಿ, ಭತ್ತ ತುಂಬುವ ಬುಟ್ಟಿ. ಅದರ ಮೇಲೆ ಏನೂ ಇಲ್ಲ.

ಫೋನಿನಲ್ಲಿ ಜಂಬಮ್ಮ ಕೇಳಿದಳು, “ಕುಂದ್ರಿಸಿದೇನವ್ವ?”

“ಬಾ, ನೋಡು,” ಅಂದಳು ಪಂಪಾವತಿ. ಅಷ್ಟೇ ಹೇಳಲಾದದ್ದು.

“ಶನಿವಾರ ಬರ್ತೀನಿ. ಓಣ್ಯಾಗ ಎಲ್ಲಾರಿಗೂ ಹೇಳೀನಿ.”

ಶನಿವಾರ ಬೆಳಿಗ್ಗೆಯಿಂದಲೇ ಪಂಪಾವತಿ ಅಟ್ಟಣಿಗೆಯ ಮೇಲೆ ಕೂತು, ಮುಗಿದುಹೋದ ಗಿಣಿಯ ಬಾಲಕ್ಕೆ ಹಸಿರು ಹಚ್ಚುತ್ತಿದ್ದಳು. ಮಾಡಲು ಬೇರೆ ಕೆಲಸ ಇರಲಿಲ್ಲ, ಕೆಳಗಿಳಿಯಲು ಧೈರ್ಯವೂ ಇರಲಿಲ್ಲ. ತಾಯಿ ಬೈದರೆ ತಡೆದುಕೊಳ್ಳಬಹುದು. ಏನೂ ಅನ್ನದೆ ಸೆರಗು ಹೊದ್ದು ಮುಂದಿನ ಬಸ್ಸಿಗೆ ಹೋಗಿಬಿಟ್ಟರೆ?

ಎದುರುಗಡೆ ಮಿರ್ಚಿ ಬಂಡಿಯ ದುರ್ಗಕ್ಕ ಎಣ್ಣೆ ಕಾಯಿಸುತ್ತ ಕೂಗಿದಳು, “ಪಂಪಾ, ನನಗ ಈಗ ತಿಳೀತು ನೋಡು. ಆಕಿ ಬಸ್ಸಿಗೆ ಕೈ ಮಾಡಾಕತ್ತಾಳ. ಡ್ರೈವರ್ ನಿಲ್ಲಿಸಲಾರದ ಹೋದ.”

“ಹಕ್ಕಿ ಯಾಕದಾವ ಹಂಗಾರ?”

“ಬಸ್ ಸ್ಟ್ಯಾಂಡ್‌ನ್ಯಾಗ ಹಕ್ಕಿ ಇರಂಗಿಲ್ಲೇನು? ನನ್ನ ಬಂಡಿ ಸುತ್ತ ನೋಡು, ಮಂಡಕ್ಕಿ ತಿಂದು ತಿಂದು ಕೋಳಿ ಆಗ್ಯಾವ.”

ಅಷ್ಟರಲ್ಲಿ ಹಂಪೇಶ್ ಹಂಪಿಯಿಂದ ಒಂದು ಪ್ರವಾಸಿ ಕುಟುಂಬವನ್ನು ಊಟಕ್ಕೆಂದು ಹೊಸಪೇಟೆಗೆ ಕರೆತಂದವನು, ದಾರಿಯಲ್ಲಿ ಹೆಂಡತಿಯ ಗೋಡೆಯ ಮುಂದೆ ನಿಲ್ಲಿಸಿಯೇ ಬಿಟ್ಟ. ಕೊರಳಿನ ಗುರುತಿನ ಚೀಟಿ ಸರಿ ಮಾಡಿಕೊಂಡು ಸುರು ಮಾಡಿದ.

“ನೋಡ್ರಿ, ಈಕೆ ಅರಮನಿ ಹೆಣ್ಣುಮಗಳು. ರಾಜ ದಂಡೆತ್ತಿ ಹೋಗ್ಯಾನ. ಹೆಗಲ ಮ್ಯಾಲೆ ಗಿಣಿ ಐತಲ್ರಿ, ಅದರ ಕಿವ್ಯಾಗ ಸುದ್ದಿ ಹೇಳಿ ಕಳಸಾಕತ್ತಾಳ. ಕಾಲ ಕೆಳಗ ಈ ಗೆರಿ ಅದಾವಲ್ಲ, ಅದು ತುಂಗಭದ್ರಾ. ಹೊಳಿ ಮ್ಯಾಲೆ ನಿಂತಾಳ, ಅಂದ್ರ ಎಷ್ಟು ಪತಿವ್ರತೆ ತಿಳ್ಕೊರ್ರಿ.”

ಕುಟುಂಬದ ಯಜಮಾನರು ಕೈಮುಗಿದರು. ಅವರ ಹೆಂಡತಿ ಕೇಳಿದರು, “ಆ ಬುಟ್ಟಿ?”

ಹಂಪೇಶ್ ಒಂದು ಕ್ಷಣವೂ ತಡವರಿಸಲಿಲ್ಲ. “ಹರಿಗೋಲು ರೀ! ರಾಜ ಬರೋ ಹರಿಗೋಲು. ಬೋರಲಾಗೈತಿ.”

“ಅಯ್ಯೋ! ಹಾಗಾದರೆ ರಾಜ?”

“ಈಜು ಬರ್ತಿತ್ರಿ ಆತಗ.”

ಮೇಲಿನಿಂದ ಹಸಿರು ಹತ್ತಿದ ಬಟ್ಟೆಯೊಂದು ಬಂದು ಅವನ ನೆತ್ತಿಯ ಮೇಲೆ ಬಿತ್ತು. “ಲೇ ಹಂಪೇಶಾ, ಅದು ನಿಮ್ಮತ್ತೀಲೇ!”

“ಗೊತ್ತೈತಿ ಬಿಡ. ನಮ್ಮತ್ತಿ ಅಂದ್ರ ಫೋಟೋ ಹೊಡ್ಕಂತಾರೇನು?” ಅಂದ ಅವನು, ತಲೆ ಒರೆಸಿಕೊಳ್ಳುತ್ತ. ಆ ಕುಟುಂಬ ಮಾತ್ರ ಎಲ್ಲವನ್ನೂ ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕು, ಫೋಟೋ ಹೊಡೆದುಕೊಂಡೇ ಊಟಕ್ಕೆ ಹೋಯಿತು.

ಅವರು ಹೋದ ಮೇಲೆ ಬಂದವರು ಹಾಲಸ್ವಾಮಿ ಮೇಷ್ಟ್ರು. ನಿವೃತ್ತ ಡ್ರಾಯಿಂಗ್ ಮೇಷ್ಟ್ರು, ಪಂಪಾವತಿಗೆ ಬ್ರಷ್ಷು ಹಿಡಿಯುವುದನ್ನು ಕಲಿಸಿದವರು. ಛತ್ರಿಯನ್ನು ಊರುಗೋಲು ಮಾಡಿಕೊಂಡು ಗೋಡೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರು. ಒಂದು ಕಣ್ಣು ಮುಚ್ಚಿ ನೋಡಿದರು. ಓಣಿಯ ಆ ಬದಿಗೆ ಹೋಗಿ ದುರ್ಗಕ್ಕನ ಬಂಡಿಯ ಪಕ್ಕ ನಿಂತು, ಅವಳ ಎಣ್ಣೆಯ ಹೊಗೆಯೊಳಗಿಂದ ನೋಡಿದರು. ಪಂಪಾವತಿ ಅಟ್ಟಣಿಗೆಯಿಂದ ಇಳಿದು ಬಂದು ಶಾಲೆಯ ಹುಡುಗಿಯ ಹಾಗೆ ಕೈ ಕಟ್ಟಿ ನಿಂತಳು.

“ಚಿತ್ರ ವಾಲೈತಿ,” ಅಂದರು ಮೇಷ್ಟ್ರು.

“ವಾಲೈತೇನ್ರಿ ಸರ್?”

“ತಪ್ಪು ಅಂತ ಹೇಳಿಲ್ಲ. ನೋಡಿಲ್ಲಿ, ನೆಲದ ಗೆರಿ ಎಲ್ಲಾ ಬಲಕ್ಕ ಓಡ್ಯಾವ, ಆ ಪುಟ್ಟಿ ಕಡೆ. ಗುಬ್ಬಿ ಕೊಕ್ಕು ನೋಡು, ಅವೂ ಆ ಕಡೀಗೇ. ಆಕಿ ಸೆರಗು ಹಾರಿದ್ದು ಆ ಕಡೀಗೇ. ಇಷ್ಟು ದೊಡ್ಡ ಗ್ವಾಡ್ಯಾಗ ಕಣ್ಣು ಸುತ್ತಿ ಸುತ್ತಿ ಹೋಗಿ ನಿಲ್ಲೋದು ಆ ಖಾಲಿ ಪುಟ್ಟಿ ಮ್ಯಾಲೆ. ಹೆಂಗಸು ಒಬ್ಬಾಕಿ ಮಾತ್ರ ಈ ಕಡೆ ಉಳಿದಾಳ. ಇಡೀ ಚಿತ್ರ ಆಕಿನ್ನ ಅಲ್ಲಿಗೆ ಕರಿಯಾಕತ್ತೈತಿ.”

ಪಂಪಾವತಿ ಗೆರೆಗಳ ಹಿಂದೆ ಕಣ್ಣು ಓಡಿಸಿದಳು. ಆ ಗೆರೆಗಳನ್ನು ಅವಳು ಕೈ ಹೋದ ಕಡೆ ಎಳೆದಿದ್ದಳು. ಪುಟ್ಟಿಯನ್ನು ಯಾಕೆ ಹಾಕಿದೆ ಎಂದು ತನ್ನನ್ನೇ ಕೇಳಿಕೊಂಡಿರಲಿಲ್ಲ, ಜಾಗ ಬಿಕೋ ಅನ್ನುತ್ತಿದೆ ಅಂತ ಹಾಕಿದ್ದು.

ಮೇಷ್ಟ್ರು ದನಿ ಇಳಿಸಿದರು. “ಖಾಲಿ ಆಸನ ಅಂದ್ರ ಹೋದವರ ಜಾಗ. ಕೆಂಪು ತ್ಯಾಗದ ಬಣ್ಣ. ಹಕ್ಕಿ ಅಂದ್ರ ಜೀವ. ಭಾಳ ಸಂಕಟ ಆತವ್ವ ನನಗ. ನಿಮ್ಮವ್ವ ತೀರಿಕೊಂಡು ಎಷ್ಟು ವರ್ಷ ಆತು?”

“ಯಾರು ತೀರಿಕೊಂಡಿದ್ದು?” ಅಂತ ಹಿಂದಿನಿಂದ ದನಿ ಬಂತು.

ಎಲ್ಲರೂ ತಿರುಗಿದರು. ಬಗಲಲ್ಲಿ ಕೈಚೀಲ, ತಲೆಯ ಮೇಲೆ ಮೊಮ್ಮಗಳಿಗೆ ತಂದ ಕಬ್ಬಿನ ತುಂಡುಗಳ ಕಟ್ಟು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತವಳು ಜಂಬಮ್ಮ. ಮೇಷ್ಟ್ರು ಗೋಡೆ ನೋಡಿದರು, ಜಂಬಮ್ಮನನ್ನು ನೋಡಿದರು, ಮತ್ತೆ ಗೋಡೆ ನೋಡಿದರು.

“ಛೇ ಛೇ! ನೂರು ವರ್ಷ ಬಾಳ್ತಿ ತಾಯಿ ನೀನು!”

“ನಾನು ಬಾಳ್ತೀನಿ. ನೀವು ಹಿಂಗ ಮಂದೀನ ಕಳಿಸಿಕೊಡಬ್ಯಾಡ್ರಿ,” ಅಂದಳು ಜಂಬಮ್ಮ. ದುರ್ಗಕ್ಕ ನಗುವ ಭರಕ್ಕೆ ಮಿರ್ಚಿಯನ್ನು ಎಣ್ಣೆಗೆ ಬಿಡುವ ಬದಲು ನೆಲಕ್ಕೆ ಬಿಟ್ಟಳು. ಹಾಲಸ್ವಾಮಿ ಮೇಷ್ಟ್ರು ಎಲ್ಲರಿಗಿಂತ ಜೋರಾಗಿ ನಕ್ಕರು.

ಪಂಪಾವತಿಗೆ ಮಾತ್ರ ನಗು ಬರಲಿಲ್ಲ. ತಾಯಿಯ ಕಣ್ಣು ಗೋಡೆಯ ಮೇಲಿತ್ತು.

ಜಂಬಮ್ಮ ಕಬ್ಬನ್ನು ಇಳಿಸಲಿಲ್ಲ. ಹಾಗೇ ಹೊತ್ತುಕೊಂಡು ತುಂಬ ಹೊತ್ತು ನೋಡಿದಳು. ಮೊದಲು ಮೂಗುಬಟ್ಟು. ಆಮೇಲೆ ಸೀರೆ. “ಸೆರಗು ಚಲೋ ಬಂದೈತಿ,” ಅಂದಳು. ಆಮೇಲೆ ಕಾಲು. ಕಾಲಿನ ಸುತ್ತ ಹರಡಿದ ಸಾಲುಗಳನ್ನು ನೋಡಿ ಅವಳ ಹೆಬ್ಬೆರಳು ಚಪ್ಪಲಿಯೊಳಗೇ ಅಲ್ಲಾಡಿತು. “ನೆಲ್ಲು ತಿರುವಿದ್ದು. ಹೌದಲ್ಲ?”

“ಹೌದು ಯವ್ವಾ.”

“ನಿಂತೀನಲ್ಲವ್ವ.”

ಪಂಪಾವತಿ ಬೆರಳಿಗೆ ಹತ್ತಿದ ಹಸಿರು ಬಣ್ಣವನ್ನು ಉಜ್ಜತೊಡಗಿದಳು.

“ಮತ್ತ ನಾ ನಿಂತಿದ್ರ ಈ ಗುಬ್ಬಿ ಹೆಂಗ ಇಳಿದಾವ?”

“ಅಂದ್ರ?”

“ಅಂದ್ರ ಏನು ಅಂದ್ರ! ನಾನು ಕಟ್ಟಿ ಮ್ಯಾಲೆ ನಿಂತಾಗ ಒಂದು ಗುಬ್ಬಿ ಇಳಿದಿದ್ದು ನೋಡಿಯೇನು? ಇಲ್ಲಿ ನೋಡು, ನನ್ನ ಕಾಲಬುಡಕ್ಕ ಬಂದು ಮದಿವಿ ಊಟ ಮಾಡಾಕತ್ತಾವ. ಇದನ್ನ ಕಂಪ್ಲಿ ಮಂದಿ ನೋಡಿದ್ರ ಏನಂತಾರ? ಜಂಬವ್ವ ನಿಂತ್ಕಂಡು ನಿದ್ದಿ ಮಾಡಾಕತ್ತಿದ್ಲು, ನೆಲ್ಲೆಲ್ಲಾ ಗುಬ್ಬಿಗೆ ಹಾಕಿದ್ಲು ಅಂತಾರ! ನಾ ಇದ್ದ ಅಷ್ಟೂ ವರ್ಷ ಒಬ್ರು ನನಗ ಹಂಗ ಅಂದಿಲ್ಲ.” ಈಗ ಅವಳು ಕಬ್ಬಿನ ಕಟ್ಟನ್ನು ದೊಪ್ಪೆಂದು ಇಳಿಸಿದಳು. “ಹಕ್ಕಿ ಹಾರಸು. ಇಲ್ಲಾಂದ್ರ ನನ್ನ ಕುಂದ್ರಸು. ಎರಡ್ರಾಗ ಒಂದು.”

ಇದನ್ನೆಲ್ಲ ಕೇಳಿಸಿಕೊಂಡು ಲಾಡ್ಜಿನ ಒಳಗಿಂದ ದೊಡ್ಡಬಸಪ್ಪ ಹೊರಬಂದರು. “ಹಕ್ಕಿ ತೆಗಿಯಂಗಿಲ್ಲ ನೋಡ್ರಿ! ಸೋಮವಾರ ಓಪನಿಂಗ್ ಐತಿ. ಹಕ್ಕಿ ತೆಗೆದ್ರ ಏನು ಉಳೀತು ಗ್ವಾಡ್ಯಾಗ? ನಾನು ಇದು ಧಾನ್ಯಲಕ್ಷ್ಮಿ ಅಂತ ಎಲ್ಲಾರಿಗೂ ಹೇಳಿಬಿಟ್ಟೀನಿ. ಆ ಎತ್ತಿದ ಕೈಯಾಗಿಂದ ನಾಕು ಬಂಗಾರದ ಕಾಸು ಬೀಳಂಗ ಬರಿಯವ್ವ ಅಂತ ಹೇಳಾಕ ಬರ್ತಿದ್ದೆ...” ಅನ್ನುತ್ತ ಜಂಬಮ್ಮನ ಮುಖ ನೋಡಿ ನಿಂತರು. “ಅರೆ, ಜಂಬಮ್ಮ! ನೀನೇನಬೇ ಇದು? ಹೌದಲ್ಲ, ನೀನೇ! ಬಾ ಬಾ, ಕುಂದ್ರು, ಕುಂದ್ರು.”

“ಕಟ್ಟಿ ಮ್ಯಾಲೆ ಇದ್ದಾಗ ನಿಮ್ಮ ಮನ್ಯಾಗ ಒಬ್ರೂ ಕುಂದ್ರು ಅನ್ನಲಿಲ್ಲ. ಈಗ ಎರಡೆರಡು ಸಲ ಅನ್ನಾಕತ್ತೀರಿ,” ಅಂದಳು ಜಂಬಮ್ಮ ನಗುತ್ತಲೇ.

ದೊಡ್ಡಬಸಪ್ಪ ಕಿವಿ ಹಿಡಿದುಕೊಂಡರು. “ಆಗ ನಾನಿನ್ನೂ ಚಡ್ಡಿ ಹುಡುಗ, ನನ್ನ ಮಾತು ಯಾರು ಕೇಳ್ತಿದ್ರಬೇ? ಗುಬ್ಬಿ ಓಡಿಸಾಕ ನನ್ನೂ ಕರೀತಿದ್ದೆಲ್ಲ ನೀನು!”

“ಕರದ್ರೂ ಬರ್ತಿದ್ದಿಲ್ಲ. ಸೋಂಬೇರಿ ಇದ್ರಿ.”

ಹಾಸ್ಯ ನಡೆದಿತ್ತು, ಆದರೆ ಜಂಬಮ್ಮನ ಕಣ್ಣು ಮತ್ತೆ ಮತ್ತೆ ಗೋಡೆಯ ಕಡೆಗೆ ಹೋಗುತ್ತಿತ್ತು. ಪಂಪಾವತಿ ತಾಯಿಯ ಹತ್ತಿರ ಹೋಗಿ ನಿಂತಳು.

“ಯವ್ವಾ, ಕುಂದ್ರಸಾಕ ಭಾಳ ನೋಡಿದ್ನಿ. ಬರಲೊಲ್ಲದು. ನೀ ಕುಂತಿದ್ದನ್ನ ನಾ ನೋಡೇ ಇಲ್ಲ. ನೋಡಲಾರದ್ದನ್ನ ಹೆಂಗ ಬರೀಲಿ?”

“ಏ, ಸುಳ್ಳು ಹೇಳಬ್ಯಾಡ. ಮನ್ಯಾಗ ಒಲಿ ಮುಂದ ಕುಂದ್ರತಿದ್ದಿಲ್ಲೇನು?”

“ಕುಕ್ಕರಗಾಲಿಲೆ. ಅದು ಏಳಾಕ ತಯಾರಾಗಿ ಕುಂತಿದ್ದು.”

ಜಂಬಮ್ಮ ಯೋಚಿಸಿದಳು. ನೆನಪಿನಲ್ಲಿ ಎಲ್ಲೆಲ್ಲೋ ಹುಡುಕಿ ಬಂದ ಹಾಗೆ ಕಾಣಿಸಿತು. ಆಮೇಲೆ ಒಮ್ಮೆಲೇ ನಕ್ಕಳು, ಬಾಯಿ ತುಂಬ. “ಹೌದಲ್ಲಲೇ! ನಾನೂ ನೋಡಿಲ್ಲ.” ಸುತ್ತಮುತ್ತ ಕಣ್ಣಾಡಿಸಿ, ಖಾಲಿಯಾದ ಬಣ್ಣದ ಬಕೆಟ್ಟೊಂದನ್ನು ಕಾಲಿನಿಂದಲೇ ಎಳೆದು ಬೋರಲು ಹಾಕಿದಳು. “ತಗಾ, ಕುಂತೀನಿ. ಈಗ ನೋಡು.”

ಕೂತದ್ದೇನೋ ಕೂತಳು. ಬೆನ್ನು ಕೋಲಿನ ಹಾಗೆ ನೆಟ್ಟಗೆ, ಕೈ ತೊಡೆಯ ಮೇಲೆ ಒಂದರ ಮೇಲೊಂದು, ಗಿರಣಿ ಆಫೀಸಿನ ಆಯಮ್ಮನ ಮುಖವನ್ನು ತನ್ನ ಮುಖದ ಮೇಲೆ ತಂದುಕೊಂಡು. ಹಂಪೇಶ್ ಅಂದ, “ಅತ್ತಿ, ಉಸಿರಾಡ್ರಿ.”

“ಸುಮ್ನಿರಲೇ. ಮುಖ ಕೆಡತೈತಿ.”

ಪಂಪಾವತಿ ಇದ್ದಿಲ ತುಂಡು ಹಿಡಿದು ಕಾದಳು. ಒಂದು ಗೆರೆಯೂ ಎಳೆಯಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಜಂಬಮ್ಮನ ಕೈ ತಾನಾಗಿಯೇ ಕೆಳಗೆ ಹೋಗಿ ಕಾಲಬುಡದ ಕಾಗದದ ಚೂರು ಹೆಕ್ಕಲು ಹತ್ತಿತು. ಮೇಷ್ಟ್ರು ಬೇಡ ಅಂದರು. ಆಮೇಲೆ ಪೊರಕೆ ಎಲ್ಲಿದೆ ಎಂದು ಏಳಹೋದಳು. ದೊಡ್ಡಬಸಪ್ಪ ಕೈಹಿಡಿದು ಕೂರಿಸಿದರು. ಕೂರುವುದು ಇಷ್ಟು ಕಷ್ಟದ ಕೆಲಸವೆಂದು ತನಗೆ ಮೊದಲೇ ಗೊತ್ತಿದ್ದರೆ ಆಣೆ ಹಾಕಿಸಿಕೊಳ್ಳುತ್ತಿರಲಿಲ್ಲ ಎಂದು ಜಂಬಮ್ಮ ಗೊಣಗಿದಳು.

ದುರ್ಗಕ್ಕನೇ ದಾರಿ ತೋರಿಸಿದಳು. ಪೇಪರಿನ ಪೊಟ್ಟಣದಲ್ಲಿ ಒಗ್ಗರಣೆ ಮಂಡಕ್ಕಿ ಸುರಿದು, ಮೇಲೆ ಎರಡು ಬಿಸಿ ಮಿರ್ಚಿ ಇಟ್ಟು ತಂದು ಜಂಬಮ್ಮನ ಮಡಿಲಿಗೆ ಹಾಕಿದಳು. “ತಿನ್ನಬೇ ಅಕ್ಕ. ಬಸ್ಸಿನ್ಯಾಗ ಬಂದು ಹಸಿದಿರ್ತಿ.”

ಮಿರ್ಚಿ ಖಾರ ಇತ್ತು. ಜಂಬಮ್ಮ ಹಾ ಹಾ ಅನ್ನುತ್ತ, ಮೂಗು ಒರೆಸಿಕೊಳ್ಳುತ್ತ, ದುರ್ಗಕ್ಕನ ಜೊತೆ ಮಾತಿಗಿಳಿದಳು. ಕಂಪ್ಲಿಯ ಮಿರ್ಚಿ ದೊಡ್ಡದೋ ಹೊಸಪೇಟೆಯದು ದೊಡ್ಡದೋ ಎಂದು ಸುರುವಾದದ್ದು, ಓಣಿಯ ಭರಮಮ್ಮ ಹೊಸ ಹಲ್ಲಿನ ಸೆಟ್ಟು ಹಾಕಿಸಿಕೊಂಡು ಅದನ್ನು ರೊಟ್ಟಿ ತಿನ್ನುವಾಗ ಮಾತ್ರ ತೆಗೆದಿಡುತ್ತಾಳೆ ಎಂಬಲ್ಲಿಗೆ ಬಂತು. ಬೆನ್ನು ಬಾಗಿತು. ಒಂದು ಕಾಲು ಮುಂದಕ್ಕೆ ಚಾಚಿತು. ಚಪ್ಪಲಿ ಕಳಚಿಬಿತ್ತು. ನಗುವಾಗ ಮಂಡಕ್ಕಿ ಮಡಿಲಿನಿಂದ ನೆಲಕ್ಕೆಲ್ಲ ಚೆಲ್ಲಿತು.

ಮೊದಲು ಒಂದು ಗುಬ್ಬಿ ಬಂತು, ದುರ್ಗಕ್ಕನ ಬಂಡಿಯ ತಗಡಿನಿಂದ. ಅತ್ತಿತ್ತ ನೋಡಿತು. ಹಿಂದೆಯೇ ನಾಲ್ಕೈದು ಇಳಿದವು. ಒಂದಂತೂ ಬಿದ್ದ ಚಪ್ಪಲಿಯ ಮೇಲೇರಿ ಕೂತಿತು.

ಜಂಬಮ್ಮನ ಬಲಗೈ ಮಾತಿನ ನಡುವೆಯೇ ಎದ್ದಿತು. “ಹು...”

ಅರ್ಧಕ್ಕೆ ನಿಂತಿತು. ಕೈ ಗಾಳಿಯಲ್ಲೇ ಇತ್ತು, ಎದೆಯಷ್ಟು ಎತ್ತರ, ಬೆರಳು ಬಿಡಿಬಿಡಿ. ಅವಳು ತನ್ನ ಕೈಯನ್ನೇ ನೋಡಿದಳು, ಗುಬ್ಬಿಗಳನ್ನು ನೋಡಿದಳು.

“ತಿನ್ಲಿ ಬಿಡು,” ಅಂದಳು. “ಇದು ನನ್ನ ಮಂಡಕ್ಕಿ.”

ಇದ್ದಿಲು ಹಾಳೆಯ ಮೇಲೆ ಓಡುವ ಸಪ್ಪಳ ಮಾತ್ರ ಕೇಳುತ್ತಿತ್ತು. ಪಂಪಾವತಿಗೆ ಕಣ್ಣು ಮಂಜಾಗುತ್ತಿತ್ತು, ಮೊಣಕೈಯಿಂದ ಒರೆಸಿಕೊಂಡು ಮತ್ತೆ ಬರೆಯುತ್ತಿದ್ದಳು. ಹಂಪೇಶ್ ಕೂಡ ಬಾಯಿ ಮುಚ್ಚಿಕೊಂಡಿದ್ದ. ಇದು ಅವನ ಕಸುಬಿನಲ್ಲೇ ಮೊದಲ ಸಲ.

ಉಳಿದದ್ದು ಕೆಲಸ. ನಿಂತ ಹೆಂಗಸಿನ ಮೇಲೆ ಹಳದಿ ಬಳಿದು, ಬಲತುದಿಯ ಪುಟ್ಟಿಯ ಮೇಲೆ ಹೊಸದಾಗಿ ಸುರು ಮಾಡಬೇಕು. ಎಲ್ಲಿ ಕೂರಿಸಬೇಕೆಂದು ಹುಡುಕುವ ತಾಪತ್ರಯ ಇರಲಿಲ್ಲ, ಮೇಷ್ಟ್ರು ಆಗಲೇ ಹೇಳಿದ್ದರು. ಗೆರೆಗಳು ಅಲ್ಲಿಗೇ ಓಡಿದ್ದವು, ಗುಬ್ಬಿಗಳ ಕೊಕ್ಕೂ ಅಲ್ಲಿಗೇ. ಒಂದು ಹಕ್ಕಿಯನ್ನೂ ಅಲುಗಾಡಿಸಬೇಕಾಗಲಿಲ್ಲ, ಗಿಣಿಯೊಂದನ್ನು ಬಿಟ್ಟು. ಗಿಣಿಯನ್ನು ತೆಗೆದುಬಿಡು ಎಂದು ಜಂಬಮ್ಮ ಹೇಳಿದಳು, “ನನಗೂ ಅದಕ್ಕೂ ಗುರುತಿಲ್ಲ.” ದೊಡ್ಡಬಸಪ್ಪ ಗಿಣಿಯ ಪರವಾಗಿ ತುಂಬ ವಾದ ಮಾಡಿ ಸೋತರು. ಬಂಗಾರದ ಕಾಸಿನ ಮಾತನ್ನು ಎತ್ತುವ ಧೈರ್ಯ ಮಾಡಲಿಲ್ಲ. ಕೆಮ್ಮಣ್ಣು ಸಾಲದೆ ಹೋದಾಗ ಹಂಪೇಶ್ ಭಾನುವಾರದ ಮೊದಲ ಬಸ್ಸಿಗೆ ಬಂಡ್ರಿಗೆ ಹೋಗಿ ಇನ್ನೊಂದು ಚೀಲ ತಂದ. ಅದೇ ಕಂಡಕ್ಟರು, ಅದೇ ಜಗಳ.

ಸೋಮವಾರ ಓಪನಿಂಗಿಗೆ ಜನ ಸೇರಿದರು. ಕಂಪ್ಲಿಯಿಂದ ಜಂಬಮ್ಮನ ಓಣಿಯ ಹೆಂಗಸರು ಒಂದು ಟೆಂಪೋ ತುಂಬ ಬಂದಿಳಿದರು, ಭರಮಮ್ಮ ಹಲ್ಲಿನ ಸೆಟ್ಟಿನ ಸಮೇತ. ಗೋಡೆಯ ಮೇಲೆ ಕೆಂಪು ಸೀರೆಯ ಹೆಂಗಸು ಪುಟ್ಟಿಯ ಮೇಲೆ ಕೂತಿದ್ದಳು, ಒಂದು ಕಾಲು ಚಾಚಿ, ಒಂದು ಚಪ್ಪಲಿ ಕಳಚಿ, ಅರ್ಧ ಎತ್ತಿದ ಕೈ ಹಾಗೇ ಬಿಟ್ಟು, ಹಿಂಡು ಗುಬ್ಬಿಗಳ ನಡುವೆ. ಚಪ್ಪಲಿಯ ಮೇಲೂ ಒಂದು ಗುಬ್ಬಿ ಇತ್ತು.

ಎಡಗಡೆ, ಅವಳು ಮೊದಲು ನಿಂತಿದ್ದ ಜಾಗದಲ್ಲಿ, ಹಳದಿಯ ಅಡಿಯಿಂದ ಕೆಂಪು ಇನ್ನೂ ತುಸು ಕಾಣುತ್ತಿತ್ತು, ಕೈಯೆತ್ತಿ ನಿಂತ ನೆರಳಿನ ಹಾಗೆ. ಜನರಿಗೆ ಅದೇ ದೊಡ್ಡ ಚರ್ಚೆಯಾಯಿತು. ಹಂಪೇಶ್ ಅದನ್ನು ಆಕೆಯನ್ನು ಕಾಯುವ ದೇವತೆ ಅಂದ. ಹಾಲಸ್ವಾಮಿ ಮೇಷ್ಟ್ರು ಛತ್ರಿ ಎತ್ತಿ ತೋರಿಸಿ, “ಅದು ಆಕಿ ನಿಂತ ಕಾಲ. ಅದಿಲ್ಲಂದ್ರ ಈ ಕುಂತಿದ್ದಕ್ಕ ತೂಕ ಬರ್ತಿದ್ದಿಲ್ಲ. ಈಗ ಚಿತ್ರ ವಾಲಿಲ್ಲ ನೋಡ್ರಿ,” ಅಂದರು.

“ಎಂಥಾದ್ದೂ ಇಲ್ಲ,” ಅಂದಳು ಜಂಬಮ್ಮ. “ಇನ್ನೊಂದು ಕೋಟ್ ಬಳೀಬೇಕಿತ್ತು. ಜಲ್ದಿ ಮಾಡ್ಯಾಳ.”

ಪಂಪಾವತಿಯ ಬಕೆಟ್ಟಿನಲ್ಲಿ ಹಳದಿ ಬಣ್ಣ ಇನ್ನೂ ಅರ್ಧ ಉಳಿದಿತ್ತು.

ಭರಮಮ್ಮ ಗೋಡೆಯ ಹತ್ತಿರ ಹೋಗಿ, ಗುಬ್ಬಿಗಳನ್ನು ಒಂದೊಂದಾಗಿ ನೋಡಿ, ತಿರುಗಿ ಕೇಳಿದಳು, “ಜಂಬವ್ವ, ಇಷ್ಟು ಗುಬ್ಬಿ ಇಳಿದಾವಲ್ಲ, ಓಡಸಲಿಲ್ಲೇನ?”

“ಕಾಣಂಗಿಲ್ಲೇನು? ಕುಂತೀನಿ.”

ಫೋಟೋ ಹೊಡೆಯುವವನು ಬಂದ. ದೊಡ್ಡಬಸಪ್ಪ ಒಳಗಿಂದ ಮೆತ್ತನೆಯ ಕುರ್ಚಿಯೊಂದನ್ನು ತಾವೇ ಹೊತ್ತು ತಂದು ಗೋಡೆಯ ಮುಂದೆ ಇಟ್ಟರು. ಜಂಬಮ್ಮ ಕುರ್ಚಿಯನ್ನು ನೋಡಿದಳು, ಗೋಡೆಯನ್ನು ನೋಡಿದಳು.

“ಬ್ಯಾಡ ತೆಗೀರಿ. ಅಲ್ಲಿ ಕುಂತೀನಲ್ಲ,” ಎಂದು ಸೆರಗು ಸರಿಮಾಡಿಕೊಂಡು, ತನ್ನ ಓಣಿಯವರನ್ನೆಲ್ಲ ಅಕ್ಕಪಕ್ಕ ಎಳೆದುಕೊಂಡು, ನಡುವೆ ನೆಟ್ಟಗೆ ನಿಂತಳು.

ಪಂಪಾವತಿ ತಾಯಿಯನ್ನು ಗೋಡೆ ತುಂಬ, ಕೂತಂತೆ ಬರೆದಿದ್ದಳು. ಕೊಟ್ಟ ಮಾತು ನಡೆಯಿತು.